ಅಮ್ಮನ ಶಾಂಪೂ ಮತ್ತು ಒಂದು ಕೂಪನ್ ಪುರಾಣ

ಕಳೆದ ಸಲ ಅಮ್ಮ ಆರು ತಿಂಗಳಿಗೆ ಅಂತ ನ್ಯೂಜೆರ್ಸಿಗೆ ಬಂದಿದ್ದಾಗ ನಡೆದದ್ದು ಇದು. ಮನೆ ಹತ್ತಿರದ ಡ್ರಗ್‌ಸ್ಟೋರಿಗೆ ಒಬ್ಬಳೇ ನಡೆದು ಹೋಗಿ ಬರುವಷ್ಟು ಧೈರ್ಯ ಅವಳಿಗೆ ಬಂದಿತ್ತು. ಡ್ರಗ್‌ಸ್ಟೋರ್ ಅಂದ್ರೆ ನಮ್ಮೂರ ಮೆಡಿಕಲ್ ಶಾಪ್ ಥರ ಅಲ್ಲ. ಹಿಂದುಗಡೆ ಔಷಧಿ ಕೌಂಟರು, ಮುಂದುಗಡೆ ಸೋಪು, ಶಾಂಪೂ, ಚಿಪ್ಸು, ಹುಟ್ಟುಹಬ್ಬದ ಕಾರ್ಡು... ಎಲ್ಲಾ ಇರುತ್ತೆ.

ಒಂದು ಸಂಜೆ ನಾನು ಆಫೀಸಿಂದ ಬಂದಾಗ ಅಮ್ಮ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಳು. ಶೆಲ್ಫಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ 3.99 ಅಂತ ಇತ್ತಂತೆ. ಕೌಂಟರಿನಲ್ಲಿ 7.49 ಕೇಳಿದರಂತೆ. "ಕಳ್ಳಿ ಥರ ಅಲ್ಲೇ ಇಟ್ಟು ಬಂದೆ ಕಣೋ" ಅಂದಳು. ಮಾರನೇ ದಿನ ಹೋಗಿ ನೋಡಿದೆ. ಚೀಟಿಯ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ 'ಡಿಜಿಟಲ್ ಕೂಪನ್ ಜೊತೆ' ಅಂತ ಇತ್ತು. ಆ ಕೂಪನ್ ಬೇಕಂದ್ರೆ ಆ್ಯಪ್ ಬೇಕು, ಆ್ಯಪಿಗೆ ಇಲ್ಲಿನ ಫೋನ್ ನಂಬರು ಬೇಕು. ಅಮ್ಮನ ಹತ್ತಿರ ಇದ್ದದ್ದು ಮೈಸೂರಿನ ಸಿಮ್. ನಾನು ಆ್ಯಪ್ ತೆಗೆದು ಒಂದು ಕಡೆ ಬೆರಳಿಟ್ಟೆ, ಅದೇ ಶಾಂಪೂ 3.99ಕ್ಕೆ ಬಂತು. ಅಮ್ಮ ಕೇಳಿದಳು, "ನೀನೇನೋ ಮಾಡಿದೆ ಈಗ? ಬೆರಳಿಟ್ಟೆ ಅಷ್ಟೇ ತಾನೆ. ಮೊದಲೇ ಆ ಬೆಲೆಗೇ ಕೊಡೋಕೆ ಏನಂತೆ ಇವರಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರವೆಲ್ಲಾ ಇದರ ಇತಿಹಾಸ ಓದುತ್ತಾ ಕೂತೆ. ಓದಿದರೆ, ಈ ಕೂಪನ್ ಅನ್ನೋದು ಹುಟ್ಟಿದ್ದೂ ಔಷಧಿ ಅಂಗಡಿಯವರ ಕೈಯಲ್ಲೇ!

1886ರಲ್ಲಿ ಅಟ್ಲಾಂಟಾದ ಔಷಧಿ ತಯಾರಕ ಜಾನ್ ಪೆಂಬರ್ಟನ್ ಒಂದು ಸಿರಪ್ ಮಾಡಿದ. ಅದನ್ನ ಸೋಡಾ ನೀರಿಗೆ ಬೆರೆಸಿ ಜೇಕಬ್ಸ್ ಫಾರ್ಮಸಿ ಅನ್ನೋ ಅಂಗಡಿಯಲ್ಲಿ ಲೋಟಕ್ಕೆ 5 ಸೆಂಟಿನಂತೆ ಮಾರಿದರು. ಅದೇ ಕೋಕಾ-ಕೋಲಾ. ಪೆಂಬರ್ಟನ್ 1888ರಲ್ಲಿ ತೀರಿಕೊಂಡ. ಇನ್ನೊಬ್ಬ ಔಷಧಿ ವ್ಯಾಪಾರಿ ಏಸಾ ಕ್ಯಾಂಡ್ಲರ್ ಅದನ್ನ ತನ್ನದು ಮಾಡಿಕೊಂಡ. ಹೆಸರೇ ಕೇಳದ ಪಾನೀಯಕ್ಕೆ ಯಾರು 5 ಸೆಂಟ್ ಕೊಡ್ತಾರೆ? ಅದಕ್ಕೇ 'ಒಂದು ಲೋಟ ಉಚಿತ' ಅನ್ನೋ ಚೀಟಿಗಳನ್ನ ಹಂಚಿಸಿದ. ಕುಡಿದವನಿಗೆ ಪುಕ್ಕಟೆ, ಅಂಗಡಿಯವನಿಗೆ ದುಡ್ಡು ಕಂಪನಿಯಿಂದ. 1894ರಿಂದ 1913ರ ಒಳಗೆ ಹೀಗೆ ಸುಮಾರು 85 ಲಕ್ಷ ಲೋಟ ಹಂಚಿರಬಹುದು ಅಂತ ಅಂದಾಜಿದೆ. ಆಮೇಲೆ ಸಿ. ಡಬ್ಲ್ಯೂ. ಪೋಸ್ಟ್ ಅನ್ನೋನು ಗ್ರೇಪ್-ನಟ್ಸ್ ಅನ್ನೋ ಬೆಳಗಿನ ತಿಂಡಿಗೆ ಒಂದು ಸೆಂಟಿನ ಚೀಟಿ ಕೊಟ್ಟ. ಇಲ್ಲಿ ಪುಕ್ಕಟೆ ರುಚಿ ತೋರಿಸೋದು ಹೋಗಿ ಬೆಲೆ ಇಳಿಸೋದು ಶುರುವಾಯ್ತು.

ಇದಕ್ಕೂ ಸ್ವಲ್ಪ ಮೊದಲು ಅಮೆರಿಕದಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ಫಿಲಡೆಲ್ಫಿಯಾದ ಜಾನ್ ವಾನಮೇಕರ್‌ನಂಥ ದೊಡ್ಡ ವ್ಯಾಪಾರಿಗಳು ಸಾಮಾನಿಗೆ ಬೆಲೆಚೀಟಿ ಅಂಟಿಸಿ, ಎಲ್ಲರಿಗೂ ಒಂದೇ ಬೆಲೆ, ಚೌಕಾಸಿ ಇಲ್ಲ ಅಂದಿದ್ದರು. ನನಗನ್ನಿಸೋದು, ಬಾಗಿಲಿಂದ ಓಡಿಸಿದ ಚೌಕಾಸಿಯೇ ಕೂಪನ್ ವೇಷದಲ್ಲಿ ಕಿಟಕಿಯಿಂದ ಒಳಗೆ ಬಂತು ಅಂತ. ದೇವರಾಜ ಮಾರುಕಟ್ಟೆಯಲ್ಲಿ ಅಮ್ಮ ಹತ್ತು ನಿಮಿಷ ವಾದ ಮಾಡಿ ಐದು ರೂಪಾಯಿ ಇಳಿಸ್ತಾಳೆ. ಇಲ್ಲಿನ ಗೃಹಿಣಿ ಭಾನುವಾರ ಹತ್ತು ನಿಮಿಷ ಕತ್ತರಿ ಹಿಡಿದು ಐವತ್ತು ಸೆಂಟ್ ಇಳಿಸ್ತಾಳೆ. ಪುರುಸೊತ್ತು ಇಲ್ಲದವನು ಪೂರ್ತಿ ಬೆಲೆ ಕೊಡ್ತಾನೆ. ಕಂಪನಿಗೆ ಬೇಕಾದ್ದೂ ಅದೇ. ಎಲ್ಲರಿಗೂ ಇಳಿಸಿದರೆ ನಷ್ಟ, ಕಷ್ಟಪಟ್ಟವರಿಗೆ ಮಾತ್ರ ಇಳಿಸಿದರೆ ಲಾಭ.

1972ರಲ್ಲಿ ಜಾರ್ಜ್ ವಲಾಸಿಸ್ ಅನ್ನೋ ಮುದ್ರಕ ಬಣ್ಣಬಣ್ಣದ ಕೂಪನ್ ಪುರವಣಿಯನ್ನ ಪತ್ರಿಕೆಯೊಳಗೆ ಸೇರಿಸೋಕೆ ಶುರು ಮಾಡಿದ ಮೇಲೆ ಭಾನುವಾರದ ಪೇಪರೇ ಕೊಬ್ಬಿ ಕೂತಿತು. ಹಾಗೆ ಕತ್ತರಿಸಿದ ಚೀಟಿ ಅಂಗಡಿಗೆ ಹೋದ ಮೇಲೆ ಏನಾಗ್ತಿತ್ತು ಗೊತ್ತಾ? ಅಂಗಡಿಯವರು ಮೂಟೆ ಕಟ್ಟಿ ಲೆಕ್ಕದ ಕಂಪನಿಗಳಿಗೆ ಕಳಿಸ್ತಿದ್ದರು. ಮೆಕ್ಸಿಕೋ ಗಡಿಯ ಊರುಗಳಲ್ಲಿ ಹೆಂಗಸರು ಅವನ್ನ ಒಂದೊಂದಾಗಿ ಕೈಯಲ್ಲಿ ವಿಂಗಡಿಸಿ ಎಣಿಸ್ತಿದ್ದರು. ಐವತ್ತು ಸೆಂಟಿನ ಚೀಟಿಗೆ ತಯಾರಕರು ಅಂಗಡಿಗೆ ಐವತ್ತು ಸೆಂಟ್ ಜೊತೆಗೆ ಎಂಟು ಸೆಂಟ್ 'ಕೈಖರ್ಚು' ಕೊಡಬೇಕಿತ್ತು. ಚೀಟಿಯ ಮೂಲೆಯಲ್ಲಿ 'ನಗದು ಮೌಲ್ಯ ಒಂದು ಸೆಂಟಿನ ನೂರನೇ ಒಂದು ಭಾಗ' ಅಂತಲೂ ಇರುತ್ತೆ. ಟ್ರೇಡಿಂಗ್ ಸ್ಟಾಂಪ್‌ಗಳ ಕಾಲದಲ್ಲಿ ಕೆಲವು ರಾಜ್ಯಗಳು, ಇಂಥ ಚೀಟಿಗೆ ಏನಾದರೂ ನಗದು ಬೆಲೆ ಇರಲೇಬೇಕು ಅಂತ ಕಾನೂನು ಮಾಡಿದ್ದವು. ಕಂಪನಿಗಳು ಬೆಲೆ ಕೊಟ್ಟವು ನೋಡಿ, ನೂರು ಚೀಟಿಗೆ ಒಂದು ಸೆಂಟ್! :-)

ಇಂಜಿನಿಯರ್ ಬುದ್ಧಿಗೆ ಖುಷಿ ಕೊಟ್ಟದ್ದು ಬಾರ್‌ಕೋಡ್ ಕಥೆ. ಬಾರ್‌ಕೋಡ್ ಇದ್ದ ವಸ್ತು ಮೊದಲು ಸ್ಕ್ಯಾನ್ ಆದದ್ದು 1974ರಲ್ಲಿ, ಒಹಾಯೋದ ಟ್ರಾಯ್ ಊರಲ್ಲಿ, ಒಂದು ಚೂಯಿಂಗ್ ಗಮ್ ಪ್ಯಾಕು. ಆಮೇಲೆ ಕೂಪನ್‌ಗೂ ಬಾರ್‌ಕೋಡ್ ಬಂತು. 12 ಅಂಕೆ. ಮೊದಲನೆಯದು 5, ಅಂದ್ರೆ 'ನಾನು ಕೂಪನ್'. ಆಮೇಲೆ ತಯಾರಕರದು ಐದು ಅಂಕೆ, ವಸ್ತುವಿನ 'ಕುಟುಂಬ'ದ್ದು ಮೂರು, ಎಷ್ಟು ಕಡಿತ ಅನ್ನೋದು ಎರಡು, ಕೊನೆಗೆ ಪರೀಕ್ಷಾ ಅಂಕೆ. ಯಂತ್ರ ನೋಡ್ತಿದ್ದದ್ದು ತಯಾರಕರು ಮತ್ತು ಕುಟುಂಬ ಮಾತ್ರ. ದೊಡ್ಡ ಬಾಟಲಿಯ ಕೂಪನ್ನನ್ನ ಚಿಕ್ಕ ಬಾಟಲಿಗೆ ಕೊಟ್ಟರೂ ಎಷ್ಟೋ ಸಲ 'ಬೀಪ್' ಅಂತ ಒಪ್ಪಿಬಿಡ್ತಿತ್ತು. ಜನ ಇದನ್ನ ಕಂಡುಹಿಡಿಯದೇ ಬಿಡ್ತಾರಾ! ಕೊನೆಗೆ 2011ರ ಹೊತ್ತಿಗೆ ಹೆಚ್ಚು ಮಾಹಿತಿ ತುಂಬುವ ಬೇರೆ ಬಾರ್‌ಕೋಡ್ ತಂದರು.

ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಈ ಕಾಲದ ಪಳೆಯುಳಿಕೆ. ಅಮ್ಮನಿಗೂ ಅವರಿಗೂ ಅರ್ಧಂಬರ್ಧ ಇಂಗ್ಲಿಷಿನಲ್ಲೇ ದೋಸ್ತಿ. 2000ದ ದಶಕದಲ್ಲಿ ಡ್ರಗ್‌ಸ್ಟೋರುಗಳಲ್ಲಿ ರಿಬೇಟ್‌ನ ಸುಗ್ಗಿ ಇತ್ತು ಅಂತ ಅವರು ಕಥೆ ಹೇಳೋರು. ವಾಲ್‌ಗ್ರೀನ್ಸ್ ಪ್ರತಿ ತಿಂಗಳೂ ರಿಬೇಟ್ ಪುಸ್ತಕ ಹಂಚುತ್ತಿತ್ತು. ರೈಟ್ ಏಡ್‌ನಲ್ಲಿ ತಿಂಗಳಿಡೀ ಬಿಲ್ಲು ಕೂಡಿಟ್ಟರೆ ಎಲ್ಲದಕ್ಕೂ ಸೇರಿ ಒಂದೇ ಚೆಕ್ ಬರ್ತಿತ್ತು. ಸಿವಿಎಸ್‌ನಲ್ಲಿ ಮುಂದಿನ ಖರೀದಿಗೆ ಆಗುವ ಹಣ ಬಿಲ್ಲಿನ ತುದಿಯಲ್ಲೇ ಅಚ್ಚಾಗಿ ಬರ್ತಿತ್ತು. ಅವರ ಬಿಲ್ಲು ಸೀರೆಯಷ್ಟು ಉದ್ದ ಅನ್ನೋ ತಮಾಷೆ ಇವತ್ತಿಗೂ ಇದೆ. ಕಂಪನಿಯ ಕೂಪನ್, ಅಂಗಡಿಯ ಕೂಪನ್, ಮೇಲೆ ರಿಬೇಟ್, ಮೂರೂ ಒಟ್ಟು ಹಾಕಿದರೆ ಟೂತ್‌ಪೇಸ್ಟ್ ಪುಕ್ಕಟೆ. ಆದ್ರೆ ಮೊದಲು ಪೂರ್ತಿ ದುಡ್ಡು ಕೊಡಬೇಕು, ಆಮೇಲೆ ಮರೀದೆ ಕಾಗದ ಕಳಿಸಬೇಕು. ಮರೆತವರ ದುಡ್ಡು ಕಂಪನಿಗೇ. "ನಾನು ಒಂದನ್ನೂ ಮರೆತಿಲ್ಲ" ಅಂತ ಅಜ್ಜಿ ಎದೆ ತಟ್ಟಿಕೊಂಡರು. ಗಂಡ ಕೆಲಸ ಕಳೆದುಕೊಂಡಿದ್ದ ವರ್ಷ ಮನೆಗೆ ಬಂದ ಸೋಪು, ಪೇಸ್ಟು, ಡೈಪರ್ ಎಲ್ಲಾ ಹೀಗೇ ಬಂದದ್ದಂತೆ.

ಅಮ್ಮ ಕೇಳಿದ ಪ್ರಶ್ನೆಯನ್ನ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೂಡ ಕೇಳಿಕೊಂಡಿತ್ತು. ಅಚ್ಚಾದ ಕೂಪನ್‌ಗಳಲ್ಲಿ ನೂರಕ್ಕೆ ಎರಡೂ ವಾಪಸ್ ಬರಲ್ಲ, ಉಳಿದದ್ದೆಲ್ಲಾ ಕಸ. ಅದರ ಬದಲು ಬೆಲೆಯನ್ನೇ ಇಳಿಸಿದರೆ? 1996ರ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ, ರಾಚೆಸ್ಟರ್, ಸಿರಕ್ಯೂಸ್ ಸುತ್ತಮುತ್ತ ಪ್ರಯೋಗಕ್ಕೆ ಅಂತ ಕೂಪನ್ ನಿಲ್ಲಿಸಿಬಿಟ್ಟರು. ತರ್ಕ ಎಷ್ಟು ಚೆನ್ನಾಗಿದೆ ನೋಡಿ, ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ಆದ್ರೆ ಜನ ಸಿಡಿದೆದ್ದರು. ಬಹಿಷ್ಕಾರ, ಪ್ರತಿಭಟನೆ, ಸಾರ್ವಜನಿಕ ವಿಚಾರಣೆ... 1997ರ ಏಪ್ರಿಲ್‌ನಲ್ಲಿ ಕಂಪನಿ ಸೋತು ಕೂಪನ್ ವಾಪಸ್ ತಂದಿತು. ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಕೂಪನ್ ನಿಲ್ಲಿಸಿದವು ಅಂತ ರಾಜ್ಯದ ಅಟಾರ್ನಿ ಜನರಲ್ ಹಿಡಿದುಕೊಂಡ. ತಪ್ಪು ಒಪ್ಪಿಕೊಳ್ಳದೆಯೇ ರಾಜಿಯಾಯ್ತು. ಪರಿಹಾರ 42 ಲಕ್ಷ ಡಾಲರ್, ಅದೂ ಕೂಪನ್ ರೂಪದಲ್ಲಿ!

ಮೊದಲ ಸಲ ಓದಿದಾಗ ಎಂಥ ದಡ್ಡ ಜನ ಅಂತ ನಕ್ಕಿದ್ದೆ. ಪಕ್ಕದ ಮನೆ ಅಜ್ಜಿಯ ಮುಖ ನೆನಪಾದ ಮೇಲೆ ನಗು ಬರಲಿಲ್ಲ. ಬೆಲೆ ಇಳಿಸೋದು ಕಂಪನಿಯ ಮರ್ಜಿ, ನಾಳೆ ಏರಿಸಬಹುದು. ಕೂಪನ್ ಮಾತ್ರ ಅವರ ಕೈಯಲ್ಲಿದ್ದ ಚೌಕಾಸಿ. ದುಡ್ಡಿಲ್ಲದವರ ಹತ್ತಿರ ಕೊಡೋಕೆ ಇದ್ದದ್ದು ಸಮಯ ಒಂದೇ, ಕತ್ತರಿ ಯಾರ ಮನೇಲೂ ಇರ್ತಿತ್ತು.

1992ರಲ್ಲಿ ಅಮೆರಿಕನ್ನರು ಸುಮಾರು 790 ಕೋಟಿ ಕೂಪನ್ ಬಳಸಿದ್ದರು. 2021ರಲ್ಲಿ ಅದು 100 ಕೋಟಿಗಿಂತ ಕೆಳಗೆ ಬಿದ್ದಿತ್ತು. ಉಳಿದಿರೋದರಲ್ಲೂ ಮೊಬೈಲಿನದ್ದೇ ಕಾರುಬಾರು. ಅಂದ್ರೆ ಈಗ ಸಮಯ ಇದ್ದರೆ ಸಾಲದು, ಫೋನು ಬೇಕು, ಅದಕ್ಕೆ ಇಲ್ಲಿನ ನಂಬರು ಬೇಕು, ಕಣ್ಣು ಕಾಣಬೇಕು. ಏನು ಕೊಂಡೆ ಅನ್ನೋ ಲೆಕ್ಕ ಪೂರ್ತಿ ಅವರಿಗೆ ಒಪ್ಪಿಸಬೇಕು. ವಯಸ್ಸಾದವರು ಪೂರ್ತಿ ಬೆಲೆ ಕೊಡ್ತಾರೆ, ನನ್ನಂಥ ಸಂಬಳದವನಿಗೆ ರಿಯಾಯಿತಿ. 2025ರಲ್ಲಿ ಸ್ಯಾನ್ ಡಿಯಾಗೋ ನಗರ, ದೊಡ್ಡ ದಿನಸಿ ಅಂಗಡಿಗಳು ಡಿಜಿಟಲ್ ರಿಯಾಯಿತಿಯನ್ನ ಕಾಗದದಲ್ಲೂ ಕೊಡಬೇಕು ಅಂತ ಕಾನೂನು ಮಾಡಿತು. 

ಅಜ್ಜಿಯ ರೈಟ್ ಏಡ್ ಕೂಡ ಈಗಿಲ್ಲ. 1962ರಲ್ಲಿ ಶುರುವಾದ ಕಂಪನಿ 2025ರಲ್ಲಿ ಎಲ್ಲಾ ಅಂಗಡಿ ಮುಚ್ಚಿತು. ಅಮ್ಮ ಹೊರಡುವ ಮುಂಚೆ ಅಜ್ಜಿ ತಮ್ಮ ಹಳೇ ಕೂಪನ್ ಫೈಲು ತಂದು ತೋರಿಸಿದರು. ಸೋಪಿಗೆ ಒಂದು ವಿಭಾಗ, ಕೆಮ್ಮಿನ ಔಷಧಿಗೆ ಒಂದು, ಎಲ್ಲದರ ಅವಧಿಯೂ ಮುಗಿದಿತ್ತು. ಅಮ್ಮ ಅದನ್ನ ಎಷ್ಟು ಹೊತ್ತು ತಿರುವಿ ಹಾಕಿದಳೋ. ಮುಂದಿನ ವರ್ಷ ಮತ್ತೆ ಬರ್ತೀನಿ ಅಂದಿದ್ದಾಳೆ. ಈ ಸಲ ಬಂದ ದಿನವೇ ಒಂದು ಇಲ್ಲಿನ ಸಿಮ್ ಕೊಡಿಸಬೇಕು.