ಗೋಡೆಯ ಮೇಲೆ ಉಳಿದ ಯುದ್ಧ

'ದರಿಯಾ' ಎಂದರೆ ನಮ್ಮ ಮನೆಯ ಉರ್ದುವಿನಲ್ಲಿ ಹೊಳೆ. ಫಾರಸಿಯಲ್ಲಿ ಅದೇ ಮಾತಿಗೆ ಸಮುದ್ರ ಎಂಬ ಅರ್ಥ. ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಕಾವೇರಿಯ ದಡದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆಯ ಹೆಸರು ದರಿಯಾ ದೌಲತ್ ಬಾಗ್. ಹೊಳೆ ಪಕ್ಕದಲ್ಲೇ ಇರುವಾಗ ಇದನ್ನು ಹೊಳೆಯ ಸಂಪತ್ತು ಎಂದುಕೊಳ್ಳುವುದು ಸಹಜ. ಆದರೆ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ, ಸ್ವಂತ ಹಡಗುಗಳ ಕನಸು ಕಂಡಿದ್ದ ದೊರೆ 'ಸಮುದ್ರದ ಸಂಪತ್ತು' ಎಂದೇ ಹೆಸರಿಟ್ಟಿರಬೇಕು. ಆ ವರ್ಷವೇ ಮಂಗಳೂರಿನ ಒಪ್ಪಂದವಾಗಿ ಇಂಗ್ಲಿಷರೊಡನೆ ಎರಡನೆಯ ಯುದ್ಧ ಮುಗಿದಿತ್ತು.

ನಾವು ಹೋದದ್ದು ಒಂದು ಭಾನುವಾರ. ಅಮ್ಮಿ, ಮಕ್ಕಳು, ತಂಗಿಯ ಸಂಸಾರ ಎಲ್ಲ ಸೇರಿ ಒಂಬತ್ತು ಜನ. ಡಬ್ಬಿಗಳಲ್ಲಿ ಖುಷ್ಕಾ, ಮೊಸರು ಬಜ್ಜಿ. ಹೊರಡುವ ವಾರದ ಹಿಂದೆ ತಂಗಿಯ ಮಗನನ್ನು ಶಾಲೆಯಲ್ಲಿ ಯಾರೋ ಹುಡುಗ "ನಿಮ್ಮ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಹೇಳು" ಎಂದು ಅಡ್ಡಹಾಕಿ ಕೇಳಿದ್ದನಂತೆ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಬದಲಾದ ಸರಕಾರ ಅದನ್ನು ನಿಲ್ಲಿಸಿತು. ದೊಡ್ಡವರ ಆ ಜಗಳ ಈಗ ಹತ್ತು ವರ್ಷದ ಹುಡುಗರ ಬೆಂಚಿಗೂ ಬಂದು ಕೂತಿದೆ. ಒಂದೇ ಮಾತಿನ ಉತ್ತರ ನಮ್ಮಲ್ಲಿರಲಿಲ್ಲ. ಶೃಂಗೇರಿ ಮಠದ ಸ್ವಾಮಿಗಳಿಗೆ ಭಕ್ತಿಯಿಂದ ಕಾಗದ ಬರೆದವನೂ ಅವನೇ, ಕೊಡಗಿನವರನ್ನು ಸೆರೆಹಿಡಿದು ತಂದವನೂ ಅವನೇ. ಮೊದಲು ಕಣ್ಣಾರೆ ನೋಡು, ಆಮೇಲೆ ಮಾತಾಡೋಣ ಎಂದೆವು.

ನಾಲ್ಕು ಭಾಗ ಮಾಡಿದ ಚಾರ್‌ಬಾಗ್ ಮಾದರಿಯ ತೋಟದ ನಡುವೆ ಎತ್ತರದ ಕಟ್ಟೆ; ಅದರ ಮೇಲೆ ತೇಗದ ಕಂಬಗಳ ಅರಮನೆ. ಅರಮನೆಯೆಂದು ಕೇಳಿ ಮೈಸೂರಿನದನ್ನು ನೆನೆದು ಬಂದವರಿಗೆ ನಿರಾಸೆಯಾದೀತು. ಬಿಸಿಲು ಒಳಗೆ ಬೀಳದಂತೆ ಸುತ್ತಲೂ ಹಸಿರು ಪರದೆಗಳು ಇಳಿಬಿಟ್ಟಿರುವುದರಿಂದ ದೂರದಿಂದ ಕಟ್ಟಡವೇ ಕಾಣುವುದಿಲ್ಲ. "ಇಷ್ಟೇನಾ?" ಎಂದಳು ನಮ್ಮ ಚಿಕ್ಕವಳು. ಪರದೆ ದಾಟಿ ಪಡಸಾಲೆಗೆ ಕಾಲಿಟ್ಟ ಮೇಲೆ ಅವಳ ಬಾಯಿ ಕಟ್ಟಿತು. ಗೋಡೆ, ಕಂಬ, ಕಮಾನು, ಎಲ್ಲಿಯೂ ಅಂಗೈ ಅಗಲ ಖಾಲಿ ಬಿಟ್ಟಿಲ್ಲ.

ಪಶ್ಚಿಮದ ಗೋಡೆಯ ಮೇಲಿರುವುದು ಪೊಳ್ಳಿಲೂರಿನ ಯುದ್ಧ. ಕಾಂಚೀಪುರದ ಹತ್ತಿರ 1780ರ ಸೆಪ್ಟೆಂಬರ್ 10ರಂದು ಹೈದರಾಲಿ ಮತ್ತು ಟಿಪ್ಪು ಸೇರಿ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನು ಮುಗಿಸಿದ ದಿನ ಅದು. ಬಕ್ಸಾರಿನಲ್ಲಿ ಗೆದ್ದು ಹೆಸರಾಗಿದ್ದ ಹೆಕ್ಟರ್ ಮನ್ರೋ ಕೆಲವೇ ಮೈಲಿ ದೂರದಲ್ಲಿದ್ದೂ ನೆರವಿಗೆ ಬರಲಿಲ್ಲ. ಕುದುರೆ ಸವಾರರು ಸುತ್ತುವರಿದಿದ್ದಾರೆ, ನಡುವೆ ಕೆಂಪಂಗಿಯ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ಅವರ ಮದ್ದಿನ ಗಾಡಿ ಸಿಡಿದು ಬೆಂಕಿ ಏಳುತ್ತಿದೆ. ಚೌಕದ ಒಳಗೆ ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ನಮ್ಮಲ್ಲಿ ದಿಗಿಲಾದವರು ಮಾಡುವುದೂ ಇದನ್ನೇ. ಯಾವ ಇಂಗ್ಲಿಷ್ ಚಿತ್ರಕಾರನೂ ತನ್ನ ಕರ್ನಲ್ಲನನ್ನು ಹಾಗೆ ಬರೆಯುತ್ತಿರಲಿಲ್ಲ. ತಡವಾಗಿ ಬಂದ ಹೈದರಾಬಾದಿನ ನಿಜಾಮನೂ ಗೋಡೆಯ ಮೇಲಿದ್ದಾನೆ. ಅವನ ಹತ್ತಿರ ಒಂದು ಹಸು, ಒಂದು ಹಂದಿ. ಬರುವಾಗ ಹಸುವಿನಂತೆ ಬಂದ, ಹೋಗುವಾಗ ಹಂದಿಯಂತೆ ಓಡಿದ ಎಂದು ಗೈಡುಗಳು ಅರ್ಥ ಹೇಳುತ್ತಾರೆ. ಮಕ್ಕಳು ಅತಿ ಹೆಚ್ಚು ಹೊತ್ತು ನಿಂತದ್ದು ಈ ಹಂದಿಯ ಮುಂದೆ.

1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಸತ್ತ ಮೇಲೆ ಈ ಅರಮನೆಯಲ್ಲಿ ವಾಸಕ್ಕೆ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್. ಕೆಟ್ಟುಹೋಗಿದ್ದ ಈ ಚಿತ್ರಗಳನ್ನು ಅವನು ಸರಿಪಡಿಸಿದ. ಕಾಲಾಂತರದಲ್ಲಿ ಮತ್ತೆ ಅಳಿಸಿಹೋದಾಗ, 1855ರಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಹಳೆಯ ಚಿತ್ರವನ್ನು ಕಂಡು ಬಲ್ಲ ಊರಿನ ಕಲಾವಿದನಿಂದ ಹೊಸದಾಗಿ ಬರೆಯಿಸಿದ.

ಇದನ್ನು ಹೇಳಿದಾಗ ತಂಗಿಯ ಮಗ, "ಮಾಮೂ, ಸೋತವರೇ ತಮ್ಮ ಸೋಲಿನ ಚಿತ್ರ ಯಾಕೆ ಬರೆಸಿದರು?" ಎಂದ.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕಿಂತ ಇದು ಬೆಲೆಯುಳ್ಳ ಪ್ರಶ್ನೆ. ನಮಗೆ ತೋರುವುದು ಇಷ್ಟು: ಅಷ್ಟು ಹೊತ್ತಿಗೆ ಅವರು ಪೂರ್ತಿ ಗೆದ್ದಾಗಿತ್ತು. ಕೊನೆಗೆ ಗೆದ್ದವನಿಗೆ ಹಳೆಯ ಸೋಲು ಒಡವೆಯಿದ್ದಂತೆ. ಬೆರಳು ಕಚ್ಚುವ ಬೈಲಿಯನ್ನು ತೋರಿಸಿದಷ್ಟೂ ಟಿಪ್ಪು ಭಯಂಕರನಾಗುತ್ತಾನೆ, ಅವನನ್ನು ಕೊಂದವರು ಇನ್ನಷ್ಟು ದೊಡ್ಡವರಾಗುತ್ತಾರೆ. ಸತಾರಾ, ನಾಗಪುರ, ಝಾನ್ಸಿಗಳನ್ನು ನುಂಗಿ, 1856ರಲ್ಲಿ ಅವಧಕ್ಕೂ ಕೈಹಾಕಿದ ಡಾಲ್‌ಹೌಸಿ ಕಲಾಪ್ರೇಮದಿಂದಷ್ಟೇ ಖರ್ಚು ಮಾಡಿಸಿದನೆಂದು ನಂಬುವುದು ಕಷ್ಟ. ಕೋಟೆಯೊಳಗೆ ಟಿಪ್ಪು ವಾಸವಿದ್ದ ಲಾಲ್ ಮಹಲಿನ ಮೇಲೆ ಈ ಪ್ರೀತಿ ಹರಿಯಲಿಲ್ಲ. ಅಲ್ಲಿ ಇಂದು ಬರೀ ಪಾಯ. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯೊಂದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡು ಹೊತ್ತು ನಿಂತಿವೆ.

ಹಾಗಾದರೆ ನಾವು ನೋಡುತ್ತಿರುವುದು ಟಿಪ್ಪುವಿನ ಗೋಡೆಯೋ, ಡಾಲ್‌ಹೌಸಿಯ ಗೋಡೆಯೋ? ಪೂರ್ವದ ಗೋಡೆಯಲ್ಲಿ ಸಾಲುಸಾಲು ದರ್ಬಾರುಗಳಿವೆ. ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ, ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ. ಅವರ ಜೊತೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದ್ದಾರೆ! ಅವರು ಹುಟ್ಟಿದ್ದೇ 1794ರಲ್ಲಿ. ಎಂದರೆ ಇಲ್ಲಿ ಒಂದು ಕಾಲದ ಮೇಲೆ ಇನ್ನೊಂದು ಕಾಲ ಬಣ್ಣ ಬಳಿದಿದೆ. ಆದರೂ ಬೆರಳು ಕಚ್ಚುವ ಬೈಲಿಯನ್ನು ಮರುಬರಹದಲ್ಲಿ ಯಾರೂ ತಿದ್ದಿ ಗಂಭೀರಗೊಳಿಸಲಿಲ್ಲ. ಕುಂಚ ಹಿಡಿದದ್ದು ನಮ್ಮ ಸೀಮೆಯ ಕೈ. ಗವರ್ನರ್ ಜನರಲ್ಲನ ಹಣದಲ್ಲೇ ಅದು ತನ್ನ ಕೆಲಸ ಮಾಡಿಕೊಂಡಿತು. ಇದೇ ಯುದ್ಧವನ್ನು ಹತ್ತು ಹಾಳೆಗಳ ಮೇಲೆ 32 ಅಡಿ ಉದ್ದಕ್ಕೆ ಬರೆದ ಚಿತ್ರವೊಂದು 2022ರ ಮಾರ್ಚಿನಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ಒಡವೆಯ ಮಾತು ಉತ್ಪ್ರೇಕ್ಷೆಯಲ್ಲ.

1959ರಿಂದ ಅರಮನೆ ವಸ್ತುಸಂಗ್ರಹಾಲಯವೂ ಆಗಿದೆ. ಥಾಮಸ್ ಹಿಕಿ ಬರೆದ ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳ ಮುಂದೆ ಅಮ್ಮಿ ಬಹಳ ಹೊತ್ತು ನಿಂತರು. ಯುದ್ಧದ ಗೋಡೆಯನ್ನು ಅವರು ಸರಸರನೆ ದಾಟಿ ಬಂದಿದ್ದರು.

ಊಟವಾದ ಮೇಲೆ ಗುಂಬಜಿಗೆ ಹೋದೆವು. ಹೈದರ್, ಫಖ್ರುನ್ನೀಸಾ, ಟಿಪ್ಪು ಮೂವರೂ ಅಲ್ಲಿದ್ದಾರೆ. ದಂತ ಕೆತ್ತಿದ ಬಾಗಿಲುಗಳು ಮತ್ತೆ ಡಾಲ್‌ಹೌಸಿಯ ಕೊಡುಗೆ. ಅಮ್ಮಿ ಫಾತಿಹಾ ಓದಿದರು.

ಗುಂಬಜಿನಿಂದ ಸ್ವಲ್ಪ ದೂರದಲ್ಲಿ, ಪ್ರವಾಸಿಗರು ಅಷ್ಟಾಗಿ ತಿರುಗಿ ನೋಡದ ಒಂದು ಸ್ಮಾರಕವಿದೆ. ಗೋಡೆಯ ಮೇಲೆ ನೋಡಿದ ಬೈಲಿಯದೇ. ಸೆರೆಯಾಗಿ ಈ ಊರಿಗೆ ಬಂದ ಅವನು 1782ರಲ್ಲಿ ಇಲ್ಲಿಯೇ ತೀರಿಕೊಂಡ. 1816ರಲ್ಲಿ ಇದನ್ನು ಕಟ್ಟಿಸಿದವನು ಲಖನೌದಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ, ಅವನದೇ ಕುಟುಂಬದ ಜಾನ್ ಬೈಲಿ.

"ಬೆರಳು ಕಚ್ಚಿದವನಾ?" ಎಂದಳು ಚಿಕ್ಕವಳು. ಹೌದೆಂದೆವು.

"ಮನೆಯವರು ಹುಡುಕಿಕೊಂಡು ಬರೋದಕ್ಕೆ ಅಷ್ಟು ವರ್ಷ ಬೇಕಾಯ್ತಾ?" ಎಂದು ಕೇಳಿದ ಅಮ್ಮಿ ಸೆರಗು ಸರಿಮಾಡಿಕೊಂಡು ಆ ಕಲ್ಲಿನ ಮುಂದೆಯೂ ಒಂದು ಗಳಿಗೆ ನಿಂತರು.