ಅಫಿಡವಿಟ್ಟಿನಲ್ಲಿ ಇಲ್ಲದ ಮಕ್ಕಳು

ನಿಜಾಮನ ಆಳ್ವಿಕೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಹಿರೇತನ ನಡೆಸುವವನಿಗೆ ಹೊಲ ಇರಬೇಕಿತ್ತು, ಮನೆತನ ಇರಬೇಕಿತ್ತು. ಆತ ತನ್ನ ಹೊಲಕ್ಕೆ ಬರುವ ಕೂಲಿ ಹೆಂಗಸನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂದು ಯಾರೂ ಕೇಳುತ್ತಿರಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿಯೇ ಲೋಕಸಭಾ ಕ್ಷೇತ್ರ. ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಪಕ್ಷೇತರರಾಗಿ ಗೆದ್ದರು. ಹೆಣ್ಣುಮಕ್ಕಳ ಕೈಗೂ ಓಟು ಬಂತು. ಓಟು ಕೇಳುವವರ ನಡತೆ ವಿಚಾರಿಸುವ ಧೈರ್ಯ ಬರಲು ಮಾತ್ರ ಬಹಳ ವರ್ಷ ಹಿಡಿಯಿತು.

ಯಾಕೆಂದರೆ ಅನ್ಯಾಯಕ್ಕೆ ದೇವರ ಹೆಸರಿತ್ತು. ತುಂಗಭದ್ರೆಯ ದಂಡೆಯ ಹುಲಿಗಿಯಂಥ ಕ್ಷೇತ್ರಗಳಲ್ಲಿ ದಲಿತ ಕೇರಿಯ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದರು. ಆಮೇಲೆ ಅವರನ್ನು ಇಟ್ಟುಕೊಳ್ಳುತ್ತಿದ್ದವರು ಉಳ್ಳವರು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು. ಆದರೂ 2007-08ರವರೆಗಿನ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ದೇವದಾಸಿಯರ ಲೆಕ್ಕ 46,660.

ಯಲಬುರ್ಗಾ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನು ಶಿಕ್ಷಕಿಯಾಗಿದ್ದಾಗ ಅಂಥ ತಾಯಿಯೊಬ್ಬಳು ಮಗನನ್ನು ಒಂದನೆಯ ಇಯತ್ತೆಗೆ ಸೇರಿಸಲು ಬಂದಳು. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದೆ. "ನನ್ನ ಹೆಸರ ಬರೀರಿ ಅಕ್ಕೋರ, ಅವ್ರು ಹೇಳಬ್ಯಾಡ ಅಂದಾರ" ಎಂದಳು. ಹುಡುಗ ತಾಯಿಯ ಸೆರಗು ಹಿಡಿದು ನನ್ನ ಪೆನ್ನನ್ನೇ ನೋಡುತ್ತಿದ್ದ. "ಅವ್ರು" ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅದೇ ಮನುಷ್ಯ ಮುಂದೆ ಪಂಚಾಯಿತಿ ಚುನಾವಣೆಗೆ ನಿಂತ, ಗೆದ್ದ.

ಚುನಾವಣಾ ಕಾನೂನು ಈ ವಿಷಯದಲ್ಲಿ ಪೂರ್ತಿ ಕುರುಡಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಮಿನ ಪ್ರಕಾರ ಅತ್ಯಾಚಾರವಾಗಲಿ, ಹೆಂಡತಿಗೆ ಕೊಟ್ಟ ಹಿಂಸೆಯಾಗಲಿ ಸಾಬೀತಾಗಿ ಶಿಕ್ಷೆಯಾದವನು ಶಾಸನಸಭೆಗೆ, ಸಂಸತ್ತಿಗೆ ನಿಲ್ಲಲು ಅನರ್ಹ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಭ್ಯರ್ಥಿ ತನ್ನ ಕ್ರಿಮಿನಲ್ ಪ್ರಕರಣ, ಆಸ್ತಿ, ಓದು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬರೆಯಬೇಕು. ಹೆಂಡತಿಯ ಬಂಗಾರವೂ ಅಲ್ಲಿರುತ್ತದೆ. ಆ ಹುಡುಗನಂಥವರು ಮಾತ್ರ ಯಾರ ಅಫಿಡವಿಟ್ಟಿನಲ್ಲೂ ಇಲ್ಲ. 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿದ ದೇವದಾಸಿ ಮಸೂದೆ, ಇಂಥ ಮಕ್ಕಳಿಗೆ ತಂದೆ ಯಾರೆಂದು ಕೇಳಿ ತಿಳಿಯುವ ಹಕ್ಕು ಕೊಟ್ಟಿತು.

2024ರ ಏಪ್ರಿಲ್ 26ರಂದು ಹಾಸನದಲ್ಲಿ ಮತದಾನ ಮುಗಿಯಿತು. ಅಲ್ಲಿನ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ದೇಶದ ಸುದ್ದಿಯಾಯಿತು. ಮೇ 7ರಂದು ನಮ್ಮ ಕೊಪ್ಪಳ ಕ್ಷೇತ್ರ ಓಟು ಹಾಕುವಾಗ ಪಾಳಿಯಲ್ಲಿ ನಿಂತ ಹೆಂಗಸರ ಬಾಯಲ್ಲಿ ಅದೇ ಮಾತು. 2025ರ ಆಗಸ್ಟ್ 2ರಂದು, ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರಕ್ಕಾಗಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ಕೊಟ್ಟವಳು ಆ ಮನೆತನದ ಅನ್ನ ಉಂಡ ಕೂಲಿ ಹೆಣ್ಣು. ಅವಳ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ.

"ಅದು ಅವರ ಖಾಸಗಿ ವಿಷಯ" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ವಿಧವಾ ಪಿಂಚಣಿ, ರೇಷನ್ ಕಾರ್ಡು, ಮನೆ ಮಂಜೂರಾತಿಗೆ ಹೆಂಗಸರು ಅರ್ಜಿ ಹಿಡಿದು ಒಂಟಿಯಾಗಿ ಹೋಗಿ ನಿಲ್ಲುವುದು ಗೆದ್ದವರ ಬಾಗಿಲಿಗೇ. ಕೇಳುವವರಿಲ್ಲದ ಕಡೆ ಹೆಣ್ಣಿನ ಮೇಲೆ ಅಧಿಕಾರ ಚಲಾಯಿಸಿದವನು ಖುರ್ಚಿ ಸಿಕ್ಕ ಮೇಲೆ ಬಿಡುತ್ತಾನೆಯೇ? 1987ರ ಮಂಡಲ ಪಂಚಾಯಿತಿಗಳಲ್ಲಿ ಶೇ 25ರಷ್ಟಿದ್ದ ಮಹಿಳಾ ಮೀಸಲು ಇಂದು ಶೇ 50. ಇನ್ನು ನಾವು ಅಂಜಬೇಕಾಗಿಲ್ಲ. ಓಟು ಕೇಳಲು ಬಂದವರಿಗೆ ನೀರು, ರಸ್ತೆ ಕೇಳುವ ಮೊದಲು, ನಿಮ್ಮ ಹೆಣ್ಣಾಳುಗಳನ್ನು ಹೇಗೆ ನಡೆಸಿಕೊಂಡಿರಿ, ನಿಮ್ಮ ಮಕ್ಕಳೆಲ್ಲರಿಗೂ ಹೆಸರು ಕೊಟ್ಟಿದ್ದೀರಾ ಎಂದು ಬಾಗಿಲಲ್ಲೇ ಕೇಳೋಣ.