ಉಕ್ಕಿನ ಅಲೆಗೆರೆ

ಸುಳ್ಯದ ಅಜ್ಜಾವರದ ಸುತ್ತಿನ ತುಳು ಸೀಮೆಯಲ್ಲಿ ಕಡ್ಸಲೆಯೆಂಬ ಖಡ್ಗ ಹಿಡಿದ ದೈವದ ಮುಂದೆ ನಾವು ಕೈಮುಗಿಯುತ್ತೇವೆ. ಜಾವಾ ದ್ವೀಪದವರೂ ತಮ್ಮ ‘ಕೆರಿಸ್’ ಎಂಬ ಕಠಾರಿಯನ್ನು ಪೂಜ್ಯವೆಂದೇ ಭಾವಿಸುವರು. ಅದರ ಅಲಗಿನ ಮೇಲೆ ನೀರಲೆಯಂತಹ ಗೆರೆಗಳುಂಟು. ಅವಕ್ಕೆ ‘ಪಾಮೋರ್’ ಎಂದು ಹೆಸರು. ಕಬ್ಬಿಣವನ್ನೂ ನಿಕ್ಕಲ್ ಬೆರೆತ ಲೋಹವನ್ನೂ ಪದರವಾಗಿ ಬೆಸೆದು, ಮಡಿಸಿ ಬಡಿದು, ಪಾಷಾಣ ಬೆರೆತ ನಿಂಬೆಯ ರಸದಿಂದ ತೊಳೆದರೆ ಕಬ್ಬಿಣವು ಕಪ್ಪಾಗಿ, ನಿಕ್ಕಲಿನ ಗೆರೆ ಬೆಳ್ಳಗೆ ಹೊಳೆಯುವುದು.

ಮೈಸೂರು ಸೀಮೆಯವರ ದಾರಿ ಬೇರೆ. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುವರು. ಕಡ್ಡಿಯ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುವುದು. ಇಂತಹ ಮೂಸೆಯುಕ್ಕಿನಿಂದಲೇ ಪಾರಸೀಕರು ಅಲೆಗೆರೆಯ ಖಡ್ಗಗಳನ್ನು ಮಾಡಿದರು. ಜಾವಾದ ಗೆರೆ ಬೆಸುಗೆಯಿಂದ ಬಂದುದು. ಇದು ಉಕ್ಕಿನ ಒಡಲೊಳಗೇ ಹುಟ್ಟಿದುದು.

1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಲೋಹವನ್ನು ವರ್ಣಿಸಿದನು. ಅವನು ಬಳಸಿದ ‘ವುಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತೇ ಎಂದು ವಿದ್ವಾಂಸರ ಎಣಿಕೆ. ಮಾತು ಉಳಿಯಿತು, ಮೂಸೆ ಆರಿತು. ಜಾವಾದವರು ಕೆರಿಸ್ ಮಾಡುವ ಕಮ್ಮಾರನನ್ನು ‘ಎಂಪು’ ಎಂದು ಕರೆದು ಗೌರವಿಸುವರು. ನಾವಾದರೋ ಆಯುಧವನ್ನು ಪೂಜಿಸಿ, ಅದನ್ನು ಮಾಡಿದವನನ್ನು ಮರೆತೆವು.